ನಡುವೆ ನಿಂತ ನಾಯಿ

ಭೂರ್ಯಾನ ಕೆನ್ನೆಯೊಳಗೆ ಹತ್ತಿಯ ಸುರುಳಿ ತೂರಿಸಿ, ಅದರ ಮೂತಿಯನ್ನು ಎಡಗೈಯಲ್ಲಿ ಮೆತ್ತಗೆ ಮುಚ್ಚಿ ಹಿಡಿದು, ಪ್ರಮಿಲಾ ಹಿತ್ತಲ ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದಳು. ಬಲಗೈ ಮುಷ್ಟಿಯಲ್ಲಿ ಅಡಿಕೆ ಗಾತ್ರದ ಖೋವಾ. ಅದನ್ನು ತಿನ್ನಿಸುವಂತಿಲ್ಲ, ವಾಸನೆ ತೋರಿಸಬೇಕು ಅಷ್ಟೆ. ಆ ವಾಸನೆಗೆ ನಾಯಿಯ ಬಾಯಲ್ಲಿ ನೀರೂರಿ ಹತ್ತಿ ಪೂರ್ತಿ ತೊಯ್ಯಬೇಕು. ತೊಯ್ದ ಹತ್ತಿಯನ್ನು ಸಣ್ಣ ನಳಿಕೆಗೆ ಹಾಕಿ, ಐಸಿನ ಡಬ್ಬಿಯಲ್ಲಿಟ್ಟು, ನಾಳೆ ಬೀದರಿನ ಪ್ರಯೋಗಾಲಯಕ್ಕೆ ಒಯ್ಯಬೇಕು.

"ನುಂಗಬ್ಯಾಡೋ ನಮ್ಮಪ್ಪಾ, ಪ್ರಾಜೆಕ್ಟಿನ ಹತ್ತಿ ಅದ" ಎಂದು ಪಿಸುಗುಟ್ಟಿದಳು. ಭೂರ್ಯಾ ಕಣ್ಣು ಮೇಲೆತ್ತಿ ಮುಷ್ಟಿಯನ್ನೇ ನೋಡುತ್ತಿತ್ತು. ಅದರ ಎದೆಗೆ ಅಗಲವಾದ ಪಟ್ಟಿಯೊಂದು ಬಿಗಿದಿತ್ತು. ಎದೆಬಡಿತ ಆ ಪಟ್ಟಿಯಿಂದ ಪಕ್ಕದಲ್ಲಿಟ್ಟ ಮೊಬೈಲಿಗೆ ಹಾದು, ಹಸಿರು ಗೆರೆಯಾಗಿ ಪರದೆಯ ಮೇಲೆ ಹರಿಯುತ್ತಿತ್ತು. ಆಕೆ ಇನ್ನೂ ಗೆರೆಯನ್ನು ನೋಡುತ್ತಿರಲಿಲ್ಲ. ಹತ್ತಿ ಬಾಯಿಂದ ಬೀಳದಂತೆ ಹಿಡಿಯುವುದೇ ದೊಡ್ಡ ಕೆಲಸವಾಗಿತ್ತು.

ಒಳಗಿನಿಂದ ಗಂಡ ಶಿವರಾಜಪ್ಪನ ದನಿ ಬಂತು. ಅವನ ಇಷ್ಟಲಿಂಗದ ಪೂಜೆ ಮುಗಿದಿರಬೇಕು.

"ಭೂರ್ಯಾ, ಇವತ್ತ ಈ ಮನ್ಯಾಗ ಚಹಾ ಅದನೋ ಇಲ್ಲೋ ಕೇಳು."

"ಭೂರ್ಯಾ, ಕೈ ಖಾಲಿ ಇಲ್ಲಂತ ಹೇಳು. ಜರಾ ಕೂಡ್ರಂತ ಹೇಳು" ಎಂದಳು ಪ್ರಮಿಲಾ, ತಲೆ ಎತ್ತದೆ.

"ಭೂರ್ಯಾ, ಸಾವಕಾಶ ಆಗ್ಲಿ ಅನ್ನು. ಸಕ್ಕರಿ ಕಮ್ಮಿ ಅನ್ನು."

ಗಲ್ಲಿಯವರಿಗೆಲ್ಲ ಇದು ರೂಢಿಯಾಗಿತ್ತು. ಮಾಸ್ತರರ ಮನೆಯ ನಾಯಿಗೆ ಕನ್ನಡ, ಮರಾಠಿ ಎರಡೂ ಬರುತ್ತವೆ, ಹತ್ತನೇ ತರಗತಿಯ ಪರೀಕ್ಷೆಗೆ ಕೂಡಿಸಿದರೆ ಪಾಸಾಗುತ್ತದೆ ಎಂದು ನಗುತ್ತಿದ್ದರು. ಗಂಡ ಹೆಂಡತಿ ಇಬ್ಬರಿಗೂ ನಾಯಿಯ ಮೇಲೆ ಎಷ್ಟು ಜೀವ ನೋಡ್ರಿ ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ಗಂಡನ ಹೆಸರು ಹೇಳಬಾರದು, ಮುಖಕ್ಕೆ ಮುಖ ಕೊಟ್ಟು ಕರೆಯಬಾರದು, ಕರೆಯಬೇಕಾದರೆ ಮಕ್ಕಳ ಮೂಲಕ ಕರೆಯಬೇಕು ಎಂಬುದು ಪ್ರಮಿಲಾಳ ಅವ್ವನ ಕಾಲದ ರೀತಿ. 'ನಿಮ್ಮಪ್ಪಗ ಉಣ್ಣಾಕ ಕರಿ' ಎಂದು ಅವ್ವ ಅನ್ನುತ್ತಿದ್ದುದು ಆಕೆಗೆ ನೆನಪಿದೆ. ಆದರೆ ತವರಿನಲ್ಲಿ ಅದು ನಾಲ್ಕು ಮಂದಿಯ ಎದುರಿನ ಮರ್ಯಾದೆಯ ಆಟ. ಬಾಗಿಲು ಹಾಕಿಕೊಂಡ ಮೇಲೆ ಅವ್ವ ಅಪ್ಪ ಇಬ್ಬರೂ ಪಿಸುಪಿಸು ಮಾತಾಡುವುದು, ನಗುವುದು ಮಕ್ಕಳಿಗೆ ಕೇಳಿಸುತ್ತಿತ್ತು. ಈ ಮನೆಯಲ್ಲಿ ಬಾಗಿಲ ಹಿಂದೆ ಏನೂ ಇರಲಿಲ್ಲ.

ಮಗಳು ಸಾನಿಕಾ ಎರಡನೇ ತರಗತಿ ಓದುತ್ತಿದ್ದಾಗ ಪ್ರಮಿಲಾಳಿಗೆ ಬೀದರಿನಲ್ಲಿ ಪ್ರಯೋಗಾಲಯದ ಸಹಾಯಕಿಯ ಕೆಲಸ ಸಿಕ್ಕಿತು. ಶಿವರಾಜಪ್ಪ ಒಂದೇ ಒಂದು ಸಲ 'ಬ್ಯಾಡ' ಎಂದ. ಆಕೆ ಹೋದಳು. ಅವನು ಕೂಗಾಡಲಿಲ್ಲ. ಗಣಿತ ಕಲಿಸುವ ಮಾಸ್ತರನಾಗಿಯೂ ಒಬ್ಬ ಹುಡುಗನ ಮೇಲೂ ಕೈ ಎತ್ತಿದವನಲ್ಲ. ಮರುದಿನ ಬೆಳಿಗ್ಗೆ ಮಗಳ ಕಡೆ ತಿರುಗಿ, "ನಿಮ್ಮವ್ವಗ ಹೇಳು, ಬಸ್ಸಿಗಿ ಹೊತ್ತಾಗ್ತದ" ಎಂದ. ಪ್ರಮಿಲಾಳಿಗೂ ಹಟ. "ನಿಮ್ಮಪ್ಪಗ ಹೇಳು, ನನಗ ಗೊತ್ತದ" ಎಂದಳು. ಜಗಳವೇ ಆಗಲಿಲ್ಲ, ಮಾತು ಮಾತ್ರ ದಾರಿ ಬದಲಿಸಿತು. ಹೊಸ ದಾರಿ ಕೆಲವು ದಿನಗಳಲ್ಲೇ ಎಷ್ಟು ಸಲೀಸಾಯಿತೆಂದರೆ, ಹಳೆಯದಕ್ಕೆ ಮರಳುವುದು ಇಬ್ಬರಿಗೂ ನಾಚಿಕೆಯ ವಿಷಯವಾಯಿತು. ಮುಂದೆ ಸಾನಿಕಾ ಮದುವೆಯಾಗಿ ಕಮಲನಗರಕ್ಕೆ ಹೋದಳು. ಮನೆ ಕೆಲವು ದಿನ ಬಾವಿಯ ತಳದಂತಿತ್ತು. ಆಮೇಲೊಂದು ಮುಂಜಾನೆ ಶಿವರಾಜಪ್ಪ, ಸಾನಿಕಾ ಕಾಲೇಜಿನ ದಿನಗಳಲ್ಲಿ ಎತ್ತಿಕೊಂಡು ಬಂದು ಸಾಕಿದ್ದ ನಾಯಿಯನ್ನು ನೋಡಿ, "ಭೂರ್ಯಾ, ಉಪ್ಪು ಕಮ್ಮಿ ಆಗೇದಂತ ಹೇಳು" ಎಂದ. ಅಂದು ಪ್ರಮಿಲಾಳಿಗೆ ಸಿಟ್ಟು ಬರಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಯಿತು.

ಈಗ ಸಾನಿಕಾ ಬಸುರಿ, ಎಂಟು ತಿಂಗಳು ತುಂಬುತ್ತಿತ್ತು. ಸೀಮಂತದ ಕುಬಸ ಮುಗಿದಿತ್ತು. ಕುಬಸ ಆದ ಮೇಲೆ ಮಗಳನ್ನು ತವರಿಗೆ ಕರೆತರಬೇಕು, ಮೊದಲ ಬಾಣಂತನ ತಾಯಿಯ ಕೈಯಲ್ಲೇ ಆಗಬೇಕು. ಆದರೆ ಸಾನಿಕಾ ಬರುತ್ತಿರಲಿಲ್ಲ. ಪ್ರತಿ ವಾರ ಒಂದು ಹೊಸ ನೆಪ ಹೇಳುತ್ತಿದ್ದಳು.

ಹತ್ತಿಯನ್ನು ನಳಿಕೆಗೆ ಹಾಕಿ ಮುಚ್ಚುತ್ತಿದ್ದಾಗಲೇ ಬೀಗತಿ ಗುಂಡಮ್ಮನ ಫೋನು ಬಂತು.

"ಪ್ರಮಿಲಾಬಾಯಿ, ಮಗಳನ್ನ ಕರಕೊಂಡು ಹೋಗೋ ವಿಚಾರ ಅದನೋ ಇಲ್ಲೋ? ನಮಗೇನು ಹುಡುಗಿ ಭಾರ ಆಗಿಲ್ಲ. ಮಂದಿ ಕೇಳ್ತಾರ್ರಿ, ಯಾಕ, ಹುಡುಗಿಗೆ ತವರಮನಿ ಇಲ್ಲೇನು ಅಂತ."

"ನಾ ಕರೀಲಾಕತ್ತೇನ್ರಿ ಅಕ್ಕೋರೆ. ಆಕಿನೇ..."

"ಆಕಿ ಮ್ಯಾಲ ಹಾಕಬ್ಯಾಡ್ರಿ. ಹೆಣ್ಣುಮಗಳು ತವರಿಗಿ ಒಲ್ಲೆ ಅಂತಾಳೇನು? ನಾವೆಲ್ಲಾ ಓಡಿ ಓಡಿ ಹೋಗ್ತಿದ್ವಿ. ತಗೋರಿ, ನೀವೇ ಮಾತಾಡ್ರಿ."

ಸಾನಿಕಾ ಫೋನು ತೆಗೆದುಕೊಂಡಳು. "ಅವ್ವಾ, ಮುಂದಿನ ವಾರ ನೋಡೋಣು."

"ಹಿಂದಿನ ವಾರಾನೂ ಅದೇ ಅಂದಿದ್ದಿ. ರೈಲಿನ್ಯಾಗ ಕುಂತ್ರ ಎಷ್ಟೊತ್ತು ಭಾಲ್ಕಿ? ನಾನೇ ಬಂದು ಕರಕೊಂಡು ಬರ್ತೇನಿ."

"ಬ್ಯಾಡವ್ವಾ. ಅಲ್ಲಿ ನನಗ ಊಟ ಹೋಗಂಗಿಲ್ಲ."

"ಅಂದ್ರ? ನನ್ನ ಕೈ ಅಡಗಿ ನಿನಗ ಹೋಗಂಗಿಲ್ಲ?"

"ಹಂಗಲ್ಲವ್ವಾ" ಎಂದಳು ಸಾನಿಕಾ. "ಭೂರ್ಯಾ ಹ್ಯಾಂಗ ಅದ?"

*

ಬೀದರಿನ ಹೊರಗಿದ್ದ ಆ ಪ್ರಯೋಗಾಲಯದಲ್ಲಿ ಈ ವರ್ಷ ನಡೆಯುತ್ತಿದ್ದುದು ನಾಯಿಗಳ ಹೆದರಿಕೆಯನ್ನು ಅಳೆಯುವ ಕೆಲಸ. ದೀಪಾವಳಿಯ ಪಟಾಕಿ ಸದ್ದಿಗೆ ಮನೆಯ ನಾಯಿ, ಹೊಲದ ನಾಯಿ, ಬೀದಿಯ ನಾಯಿ ಎಷ್ಟೆಷ್ಟು ಬೆದರುತ್ತವೆ, ಬೆದರಿದ ಮೇಲೆ ಎಷ್ಟು ದಿನಕ್ಕೆ ಸುಧಾರಿಸಿಕೊಳ್ಳುತ್ತವೆ ಎಂದು ನೋಡಬೇಕಿತ್ತು. ಅದಕ್ಕೆ ಮೊದಲು ಪ್ರತಿ ನಾಯಿಯೂ ಏನೂ ತೊಂದರೆಯಿಲ್ಲದೆ ತನ್ನ ಜಾಗದಲ್ಲಿ ಹೇಗಿರುತ್ತದೆ ಎಂಬುದು ತಿಳಿದಿರಬೇಕು. ಪ್ರಾಜೆಕ್ಟಿನ ಮುಖ್ಯಸ್ಥೆ ಡಾಕ್ಟರ್ ಮಂಜಿರಿ ಅದನ್ನು ತಳಮಟ್ಟ ಎನ್ನುತ್ತಿದ್ದಳು. ಮೈಗೆ ಒತ್ತಡವಾದರೆ ಕಾರ್ಟಿಸಾಲ್ ಎಂಬ ರಸ ರಕ್ತದಲ್ಲಿ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಜೊಲ್ಲಿಗೂ ಇಳಿಯುತ್ತದೆ. ಈಗ ನಾಯಿಯ ಬಾಯಲ್ಲಿರುವುದು ಇಪ್ಪತ್ತು ನಿಮಿಷ ಹಿಂದೆ ಅದರ ಮನಸ್ಸಿಗೆ ಆದದ್ದು ಎಂದು ಮಂಜಿರಿ ಮೊದಲ ದಿನವೇ ವಿವರಿಸಿದ್ದಳು. ಆ ಮಾತು ಪ್ರಮಿಲಾಳಿಗೆ ಯಾಕೋ ಮರೆತಿರಲಿಲ್ಲ.

ಕೆಲಸದ ಪದ್ಧತಿ ಕೈಗೆ ಹತ್ತಲೆಂದು ಪ್ರಮಿಲಾ ತನ್ನ ನಾಯಿಯನ್ನೇ ಮೊದಲು ಹಿಡಿದಿದ್ದಳು. ನಮ್ಮ ಭೂರ್ಯಾ ಬಂಗಾರದಂಥದ್ದು, ನಮ್ಮ ಮನೆ ಶಾಂತವಾದದ್ದು, ತಳಮಟ್ಟಕ್ಕೆ ಅದಕ್ಕಿಂತ ಒಳ್ಳೆಯ ನಾಯಿ ಸಿಗುವುದಿಲ್ಲ ಎಂದು ಹೇಳಿಯೂ ಇದ್ದಳು.

ಸಣ್ಣ ಸಣ್ಣ ಗುಳಿಗಳಿದ್ದ ತಟ್ಟೆಯಲ್ಲಿ ಜೊಲ್ಲಿನ ಮಾದರಿಗಳಿಗೆ ಬಣ್ಣ ಬರುವುದನ್ನು ಅವಳೂ ವಹೀದಾಳೂ ಕಾಯುತ್ತ ನಿಂತಿದ್ದರು. ವಹೀದಾ ಅವಳ ಜೊತೆಗೇ ಕೆಲಸ ಮಾಡುವವಳು, ವಯಸ್ಸಿನಲ್ಲಿ ಚಿಕ್ಕವಳು, ಬಾಯಿ ಸುಮ್ಮನಿರದವಳು. ಈ ಪರೀಕ್ಷೆಯಲ್ಲಿ ಬಣ್ಣದ ಲೆಕ್ಕ ಉಲ್ಟಾ. ಹಳದಿ ದಟ್ಟವಾಗಿದ್ದರೆ ನಾಯಿ ನಿಶ್ಚಿಂತ, ಹಳದಿ ತೆಳುವಾದಷ್ಟೂ ಒತ್ತಡ ಹೆಚ್ಚು.

"ಅಕ್ಕಾ, ಇದು ಯಾವ ಬಡಪಾಯಿ ನೋಡು" ಎಂದಳು ವಹೀದಾ. "ಬಣ್ಣಾನೇ ಹಾರಿಹೋಗೇದ. ಪಟಾಕಿ ಇನ್ನೂ ದುಕಾನಿಗೇ ಬಂದಿಲ್ಲ, ಇದು ಆಗಲೇ ಹೆದರಿ ಕುಂತದ."

ಪ್ರಮಿಲಾ ಬಗ್ಗಿ ನೋಡಿದಳು. ಸಾಲಿನ ಎಲ್ಲ ಗುಳಿಗಳೂ ಅರಿಷಿಣ ಕದಡಿದಂತಿದ್ದವು. ಒಂದು ಮಾತ್ರ ನೀರಿನಂತಿತ್ತು. ಅದರ ಸಂಖ್ಯೆಯನ್ನು ಬರೆದವಳು ಆಕೆಯೇ.

"ನಮ್ಮದು" ಎಂದಳು.

ಮಂಜಿರಿ ಬಂದು ನೋಡಿ ಮುಖ ಗಂಟಿಕ್ಕಿದಳು. "ಖೋವಾ ತಿನಿಸಿಬಿಟ್ರೇನು ಪ್ರಮಿಲಾಬಾಯಿ, ಪ್ರೀತಿ ಹೆಚ್ಚಾಗಿ?"

"ಇಲ್ರಿ ಮೇಡಂ. ಮುಟ್ಟಿಸೂ ಇಲ್ಲ."

"ಮನಿಗೆ ಮಂದಿ ಬಂದಿದ್ರೇನು? ಗದ್ದಲ, ಜಗಳ?"

"ನಮ್ಮ ಮನ್ಯಾಗ ಜಗಳ ಅಂದ್ರೇನಂತ ಗೊತ್ತಿಲ್ರಿ. ಗಡಿಯಾರದ ಸಪ್ಪಳ ಕೇಳ್ತದ."

"ಮತ್ತ ಇದು ಹ್ಯಾಂಗ? ಎದೆಬಡಿತದ ಗೆರೀನೂ ನೋಡ್ರಿ, ಮಲಗಿರೋ ನಾಯಿದಲ್ಲ ಇದು." ಮಂಜಿರಿ ಮೊಬೈಲಿನ ಗೆರೆಯನ್ನು ಬೆರಳಲ್ಲಿ ಎಳೆದು ತೋರಿಸಿದಳು. ನಡುನಡುವೆ ಗೆರೆ ಗುಡ್ಡದಂತೆ ಎದ್ದು ಇಳಿದಿತ್ತು. "ಇನ್ನೊಮ್ಮೆ ಮಾಡ್ರಿ. ಮನಿ ಬಿಟ್ಟು ಹೊರಗೂ ಒಮ್ಮೆ ಮಾಡ್ರಿ. ಈ ಸಲ ಗೆರೀ ನೋಡ್ಕೋತ ಕೂಡ್ರಿ. ಯಾವಾಗ ಏರ್ತದ, ಆವಾಗ ಏನಾತು, ಅದು ನನಗ ಬೇಕು."

*

ಆ ವಾರ ಮಾದರಿ ತೆಗೆಯಲು ಔರಾದ ಕಡೆಯ ಹಳ್ಳಿ ಎಕಂಬಾಕ್ಕೆ ಹೋಗುವುದಿತ್ತು. ಪ್ರಾಜೆಕ್ಟಿನ ಗಾಡಿ ಭಾಲ್ಕಿಗೆ ಬಂದು ಪ್ರಮಿಲಾಳನ್ನೂ ಭೂರ್ಯಾನನ್ನೂ ಹತ್ತಿಸಿಕೊಂಡಿತು. ಭೂರ್ಯಾ ಕಿಟಕಿಗೆ ಮೂತಿಯಿಟ್ಟು ಸೋಯಾ ಹೊಲಗಳ ಗಾಳಿ ಕುಡಿಯುತ್ತ ಬಂತು.

ಎಕಂಬಾದ ದಾನಮ್ಮನ ಮನೆಯಲ್ಲಿ ಕಾಲಿಡುವ ಮೊದಲೇ ಅವಳ ದನಿ ಕೇಳಿಸಿತು. ಗಂಡ ಬಸವರಾಜ ದನಗಳ ಹತ್ತಿರ ಹಗ್ಗ ಹೊಸೆಯುತ್ತ ಕುಳಿತಿದ್ದ.

"ಏ, ಎತ್ತಿಗಿ ನೀರು ಇಟ್ಟಿ ಇಲ್ಲೋ? ಎಷ್ಟು ಸಲ ಒದರಬೇಕು ನಾನು? ಕಿವಿ ಏನು ಔರಾದ ಸಂತಿನ್ಯಾಗ ಮಾರಿ ಬಂದೀ?"

"ಮಾರಾಕ ಒಯ್ದಿದ್ದೆ" ಎಂದ ಬಸವರಾಜ. "ನಿನ್ನ ಬಾಯಿ ಕೇಳಿ ಕೇಳಿ ಹಾಳಾಗ್ಯಾವಂತ. ಯಾರೂ ತಗೋಲಿಲ್ಲ."

"ನಿನ್ನನ್ನೂ ಸೇರಿಸಿ ಕೊಡಬೇಕಿತ್ತು, ತೂಕಕ್ಕ!"

"ತೂಕಕ್ಕಂದ್ರ ನಿನ್ನನ್ನ ಕೊಡ್ತಿದ್ದೆ. ಲಾಭ ಬರ್ತಿತ್ತು."

ತಾಮ್ರದ ತಂಬಿಗೆಯೊಂದು ಠಣ್ಣೆಂದು ಅಂಗಳಕ್ಕೆ ಬಿತ್ತು. ಅವನಿಗೆ ಬೀಳಲೆಂದು ಎಸೆದದ್ದಲ್ಲ, ಬಿದ್ದದ್ದು ಅವನಿಗೆ ಕೇಳಲೆಂದು. ವಹೀದಾ ಆ ಮನೆಯ ಕರಿ ನಾಯಿಗೆ ಆಗಷ್ಟೇ ಪಟ್ಟಿ ಕಟ್ಟಿ ಮೊಬೈಲು ಹಿಡಿದಿದ್ದಳು. "ಅಕ್ಕಾ, ಈಗ ನೋಡು, ಗೆರಿ ಛತ್ತಿಗಿ ಮುಟ್ಟತದ" ಎಂದಳು. ಕರಿ ನಾಯಿ ಒಂದು ಕಿವಿ ಎತ್ತಿತು, ಕೆರೆದುಕೊಂಡಿತು, ಮತ್ತೆ ಮೂತಿಯನ್ನು ಕಾಲುಗಳ ನಡುವೆ ಇಟ್ಟು ಕಣ್ಣು ಮುಚ್ಚಿತು. ಗೆರೆ ಒಂದಿಷ್ಟು ಕುಣಿದು ತನ್ನ ಜಾಗಕ್ಕೆ ಬಂದುಬಿಟ್ಟಿತು.

"ಇದಕ್ಕ ಗೊತ್ತಾಗೇದ ನೋಡಕ್ಕಾ, ಬೈಗಳ ತನಗಲ್ಲಂತ" ವಹೀದಾ ನಕ್ಕಳು. "ನಮ್ಮ ಮನ್ಯಾಗೂ ಹಿಂಗೇ. ನಾ ಶುರು ಮಾಡಿದ್ರ ಬೆಕ್ಕು ಸುದ್ದಾ ಏಳಂಗಿಲ್ಲ."

ಪ್ರಮಿಲಾ ನಗಲಿಲ್ಲ. ಆಕೆ ಭೂರ್ಯಾನನ್ನು ನೋಡುತ್ತಿದ್ದಳು. ಪರ ಊರು, ಪರ ನಾಯಿ, ಈ ಅರಚಾಟ. ಭೂರ್ಯಾ ಬೇವಿನ ಗಿಡದ ನೆರಳಲ್ಲಿ ಮಗ್ಗುಲಾಗಿ ಬಿದ್ದು, ಕಾಲು ಚಾಚಿ, ಹೊಟ್ಟೆ ತೋರಿಸಿ ನಿದ್ದೆ ಹೋಗಿತ್ತು. ಮನೆಯಲ್ಲಿ ಅದು ಹಾಗೆ ಮಲಗಿದ್ದನ್ನು ತಾನು ಯಾವಾಗ ನೋಡಿದ್ದೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದಳು. ಮನೆಯಲ್ಲಿ ಅದು ಯಾವಾಗಲೂ ಮುಂಗಾಲು ಚಾಚಿ, ತಲೆ ಎತ್ತಿ ಮಲಗುತ್ತದೆ. ಯಾರೋ ಕರೆಯುತ್ತಾರೆಂದು ಕಾದಂತೆ.

ಬರುವಾಗ ಔರಾದಿನಲ್ಲಿ ಗಾಡಿ ನಿಲ್ಲಿಸಿದರು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಈ ಭಾಗದ ನಾಯಿಗಳನ್ನು ದಿನವೂ ನೋಡಲು ಒಬ್ಬರು ಇಲ್ಲೇ ಇರಬೇಕೆಂದು ಮಂಜಿರಿ ಎರಡು ಖೋಲಿ ಬಾಡಿಗೆಗೆ ಹಿಡಿದಿದ್ದಳು. ವಹೀದಾ ಕೀಲಿ ತೆಗೆದು ಒಳಗೆ ಇಣುಕಿದಳು. ಹಿಂದೆ ಬಿಸಿಲು ಬೀಳುವ ಸಣ್ಣ ಅಂಗಳ, ಅಡಿಗೆಗೆ ಕಟ್ಟೆ, ಬಚ್ಚಲು.

"ಜಾಗಾ ಛಲೋ ಅದ. ಆದ್ರ ಯಾರು ಇರ್ತಾರ? ನನಗ ಸಣ್ಣ ಮಕ್ಕಳವ. ನೀ ಅಂತೂ, 'ಮನಿ ಬಿಟ್ಟು ಹ್ಯಾಂಗ ಬರ್ಲಿ' ಅಂತೀ."

"ಮಗಳು ಬಾಣಂತನಕ್ಕ ಬರ್ತಾಳ ವಹೀದಾ" ಎಂದಳು ಪ್ರಮಿಲಾ. "ನಾ ಮನ್ಯಾಗ ಇರಬೇಕಲ್ಲ."

*

ರಜೆಯ ದಿನ ಮತ್ತೆ ಪಟ್ಟಿ ಕಟ್ಟಿದಳು. ಈ ಸಲ ಜೊಲ್ಲು ತೆಗೆಯಲು ಅವಸರ ಮಾಡಲಿಲ್ಲ. ಅಡಿಗೆಮನೆಯ ಹೊಸ್ತಿಲ ಒಳಗೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತ, ಪಕ್ಕದಲ್ಲಿ ಮೊಬೈಲು ನಿಲ್ಲಿಸಿಕೊಂಡು ಕುಳಿತಳು. ಭೂರ್ಯಾ ಪಡಸಾಲೆಗೂ ಅಡಿಗೆಮನೆಗೂ ನಡುವಿನ ಜಾಗದಲ್ಲಿ ಬಿದ್ದುಕೊಂಡಿತ್ತು. ಅದರ ಖಾಯಂ ಜಾಗ ಅದೇ.

ಶಿವರಾಜಪ್ಪ ಪೇಟೆಯಿಂದ ಬಂದ. ಭೂರ್ಯಾ ಬಾಲ ಬಡಿಯುತ್ತ ಎದ್ದಿತು, ಗೆರೆ ಜಿಗಿಯಿತು, ಅವನು ತಲೆ ಸವರಿದ ಮೇಲೆ ಇಳಿಯಿತು. ಅದು ಸಂತೋಷದ್ದು. ಅಷ್ಟನ್ನು ಪ್ರಮಿಲಾ ಈ ಕೆಲಸದಲ್ಲಿ ಕಲಿತಿದ್ದಳು. ಆಮೇಲೆ ಅವನು ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲನ್ನು ಇಳಿಸಿಕೊಂಡು ಒರೆಸುತ್ತ ಕುಳಿತ. ಸಾನಿಕಾಳನ್ನು ತೂಗಿದ ತೊಟ್ಟಿಲು. ಒಂದು ಗೂಟ ಸಡಿಲಾಗಿತ್ತು, ಅದಕ್ಕೆ ಹೊಸ ಗೂಟ ಕೆತ್ತಿಸಿಕೊಂಡು ಬಂದಿದ್ದ. ಮನೆ ಸುಮ್ಮನಿತ್ತು. ಗೆರೆಯೂ ಸುಮ್ಮನಿತ್ತು.

"ಭೂರ್ಯಾ, ಬೀಗತಿ ಫೋನು ಮಾಡಿದ್ರಂತ? ಏನಂದ್ರಂತ ಕೇಳು."

ಭೂರ್ಯಾ ಎದ್ದು ನಿಂತಿತು. ಅವನನ್ನು ನೋಡಿತು. ಅವನ ಕಣ್ಣು ತೊಟ್ಟಿಲ ಮೇಲಿತ್ತು. ತಿರುಗಿ ಆಕೆಯನ್ನು ನೋಡಿತು. ನಾಲಿಗೆಯಿಂದ ಮೂಗನ್ನು ಒಮ್ಮೆ ಸವರಿಕೊಂಡಿತು, ಮತ್ತೊಮ್ಮೆ ಸವರಿಕೊಂಡಿತು. ಪರದೆಯ ಮೇಲೆ ಗೆರೆ ಮೆಟ್ಟಿಲು ಹತ್ತಿದಂತೆ ಏರತೊಡಗಿತು.

ಪ್ರಮಿಲಾಳ ಕೈಯಲ್ಲಿ ಜೋಳ ನಿಂತಿತು. ಇಷ್ಟು ವರ್ಷ ಯಾರಿಗೂ ತೋರಿಸಲಾಗದ್ದೊಂದು ಕೊನೆಗೂ ಕಣ್ಣಿಗೆ ಕಂಡಿತು ಎಂಬ ಸಮಾಧಾನ ಆಕೆಯೊಳಗೆ ಬಿಸಿಯಾಗಿ ಹರಡಿತು. ನೋಡಿದಿರಾ, ಇವನ ದನಿಗೆ ನಾಯಿಯೂ ಬೆದರುತ್ತದೆ. ದೇವರಂಥ ಮನುಷ್ಯ ಎನ್ನುತ್ತೀರಲ್ಲ, ನೋಡಿ.

"ಭೂರ್ಯಾ, ಇನ್ನೂ ಒಂದು ವಾರ ಅಂದಾಳಂತ ಹೇಳು" ಎಂದಳು, ರೂಢಿಯಂತೆ.

ಭೂರ್ಯಾ ಅವಳ ಕಡೆ ಒಂದು ಹೆಜ್ಜೆ ಬಂತು, ನಿಂತಿತು, ಅವನ ಕಡೆ ತಿರುಗಿತು. ಒಂದು ಮುಂಗಾಲನ್ನು ನೆಲದಿಂದ ಎತ್ತಿ ಹಾಗೇ ಹಿಡಿದುಕೊಂಡಿತು. ಗೆರೆ ಇನ್ನೂ ಮೇಲೆ ಹೋಯಿತು, ಅವನ ಮಾತಿಗೆ ಏರಿದ್ದಕ್ಕಿಂತಲೂ ಮೇಲೆ.

ಆಕೆಗೆ ನಂಬಿಕೆಯಾಗಲಿಲ್ಲ. ಪಟ್ಟಿ ಸರಿದಿರಬೇಕೆಂದು ಬಿಗಿದಳು. ಸ್ವಲ್ಪ ಹೊತ್ತು ಬಿಟ್ಟು ಬರಿಯ "ಭೂರ್ಯಾ" ಎಂದು ಮುದ್ದಿನಿಂದ ಕರೆದಳು. ಬಾಲ ಆಡಿತು, ಗೆರೆ ಏಳಲಿಲ್ಲ. ಪಾತ್ರೆಯೊಂದನ್ನು ಬೇಕೆಂದೇ ಕೆಳಗೆ ಬೀಳಿಸಿದಳು. ಒಂದು ಜಿಗಿತ, ಆಮೇಲೆ ಸಮ. ಮತ್ತೆ, ಕಣ್ಣನ್ನು ಮೊರದ ಮೇಲಿಟ್ಟುಕೊಂಡು, "ಭೂರ್ಯಾ, ರೊಟ್ಟಿ ಈಗ ಮಾಡ್ಲೋ ಆಮ್ಯಾಲ ಮಾಡ್ಲೋ ಕೇಳು" ಎಂದಳು. ನಾಯಿ ಎದ್ದು ನಿಂತಿತು, ಆಕೆಯನ್ನು ನೋಡಿತು, ಅವನನ್ನು ನೋಡಿತು, ಮೂಗು ಸವರಿಕೊಂಡಿತು. ಗೆರೆ ಏರಿತು.

ನಾಯಿಗೆ ಕೇಳುವ ಹೆಸರು ತನ್ನದು. ಕರೆಯುವವರ ಮುಖ ಮಾತ್ರ ಬೇರೆ ಕಡೆ. ಏನೋ ಮಾಡಬೇಕು, ಏನೆಂದು ತಿಳಿಯದು. ಇಬ್ಬರಲ್ಲಿ ಯಾರ ಬಳಿ ಹೋದರೂ ಇನ್ನೊಬ್ಬರ ಬಳಿ ಹೋಗದಂತಾಗುತ್ತದೆ. ಪ್ರಮಿಲಾ ಅದರ ಕಣ್ಣುಗಳನ್ನೇ ನೋಡಿದಳು.

ಸಾನಿಕಾ ನಿಲ್ಲುತ್ತಿದ್ದುದೂ ಅದೇ ಜಾಗದಲ್ಲಿ. ಪಡಸಾಲೆಗೂ ಅಡಿಗೆಮನೆಗೂ ನಡುವೆ, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು, ಜಡೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು. 'ನಿಮ್ಮಪ್ಪಗ ಹೇಳು, ನಾ ಏನು ಯಂತ್ರ ಅಲ್ಲಂತ' ಎಂದು ಇವಳು ಅಂದರೆ, ಆ ಹುಡುಗಿ ಪಡಸಾಲೆಗೆ ಹೋಗಿ, 'ಅಪ್ಪಾ, ಅವ್ವಗ ದಣಿವಾಗೇದಂತ' ಎನ್ನುತ್ತಿದ್ದಳು. ಅಲ್ಲಿಂದ ಹೊರಟ ಮಾತಿನ ಮುಳ್ಳನ್ನೂ ಹಾಗೇ ಕಿತ್ತು ಇವಳಿಗೆ ತಂದು ಕೊಡುತ್ತಿದ್ದಿರಬೇಕು. ಎಷ್ಟೊಂದು ವರ್ಷ, ಎಷ್ಟೊಂದು ಮಾತು. ಆಗ ಪ್ರಮಿಲಾ ಮೆಚ್ಚಿಕೊಂಡಿದ್ದಳು, ನನ್ನ ಮಗಳು ಜಾಣೆ, ಮನೆಯನ್ನು ಮುರಿಯಗೊಡಲಿಲ್ಲ ಎಂದು. ಹುಡುಗಿಗೆ ಆಗಾಗ ಹೊಟ್ಟೆ ನೋಯುತ್ತಿತ್ತು. ಜಂತುಹುಳ ಎಂದು ಔಷಧಿ ಕುಡಿಸಿದ್ದಳು, ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದಿದ್ದಳು. ನೋವು ಬರುತ್ತಿದ್ದುದು ಹೆಚ್ಚಾಗಿ ರಜೆಯ ದಿನ, ಅಪ್ಪ ಅವ್ವ ಇಬ್ಬರೂ ಮನೆಯಲ್ಲಿರುವ ದಿನ ಎಂಬುದು ಈಗ, ಮೊರದ ಮುಂದೆ ಕುಳಿತಾಗ, ಹೊಳೆಯಿತು. ಅಲ್ಲಿ ನನಗೆ ಊಟ ಹೋಗುವುದಿಲ್ಲ ಎಂದಿದ್ದಳಲ್ಲ.

ನಾಯಿಗೆ ಮಾತಿನ ಮುಳ್ಳು ಕೀಳಲು ಬರುವುದಿಲ್ಲ. ಅದು ಎಲ್ಲವನ್ನೂ ಮೈಯಲ್ಲೇ ಇಟ್ಟುಕೊಂಡಿತ್ತು.

ಪ್ರಮಿಲಾ ಜೊಲ್ಲಿನ ಹತ್ತಿ ತೆಗೆದಿಟ್ಟು, ಪಟ್ಟಿ ಬಿಚ್ಚಿದಳು. ಬಿಗಿದಿದ್ದ ಜಾಗದಲ್ಲಿ ಕೂದಲು ಬೆವೆತಂತೆ ಒದ್ದೆಯಾಗಿತ್ತು, ಹಚ್ಚಿದ ಜೆಲ್ಲಿನಿಂದ. ಅದನ್ನು ಸೆರಗಿನಿಂದ ಒರೆಸುತ್ತ ತುಂಬಾ ಹೊತ್ತು ಕುಳಿತಳು.

*

"ಈ ನಾಯಿನ ಲೆಕ್ಕದಿಂದ ಹೊರಗಿಡ್ತೇನಿ" ಎಂದಳು ಮಂಜಿರಿ. ಎಕಂಬಾದಲ್ಲಿ ಭೂರ್ಯಾನಿಂದ ತೆಗೆದ ಹತ್ತಿ ಅಚ್ಚ ಹಳದಿ ಬಂದಿತ್ತು. ಮನೆಯಲ್ಲಿ ತೆಗೆದದ್ದು ಮತ್ತೆ ನೀರು. "ಎಲ್ಲಾ ನಾಯಿಗೆ ಮನಿ ತಳಮಟ್ಟ. ಇದಕ್ಕ ಉಲ್ಟಾ ಅದ. ಕಾರಣ ಏನರ ಗೊತ್ತಾತೇನು, ಪ್ರಮಿಲಾಬಾಯಿ?"

ಹೇಳಬಹುದಿತ್ತು. ಹೇಳಿದ್ದರೆ ಮಂಜಿರಿ ತಲೆಯಾಡಿಸಿ ಕೇಳುತ್ತಿದ್ದಳು, ಬಹುಶಃ ಬೆರಗಾಗುತ್ತಿದ್ದಳು, ಬರೆದೂ ಕೊಳ್ಳುತ್ತಿದ್ದಳು.

"ಗೊತ್ತಾಗಲಿಲ್ರಿ" ಎಂದಳು ಪ್ರಮಿಲಾ.

"ಇರ್ಲಿ ಬಿಡ್ರಿ. ಔರಾದಿಗೆ ಯಾರೂ ಒಪ್ಪಲಿಲ್ಲ ಅಂದ್ರ ಹೊಸಬರನ್ನ ತಗೋಬೇಕಾಗ್ತದ. ಈ ವಾರದಾಗ ಹೇಳಿಬಿಡ್ರಿ ಎಲ್ಲಾರೂ."

ಭಾಲ್ಕಿಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಶಿವರಾಜಪ್ಪ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿ ಮುಗಿಸಿದ್ದ. ಸರಪಳಿಗೆ ಎಣ್ಣೆ ಬಿಟ್ಟು, ಖಾಲಿ ತೊಟ್ಟಿಲನ್ನು ಬೆರಳ ತುದಿಯಿಂದ ತೂಗಿ ನೋಡುತ್ತಿದ್ದ. ಮುಖದಲ್ಲಿ, ತುಂಬಾ ದಿನಗಳಿಂದ ಆಕೆ ಕಾಣದ ಹುಡುಗುತನವಿತ್ತು. ಭೂರ್ಯಾ ಬಾಗಿಲಿಗೆ ಬಂದು ಆಕೆಯ ಕಾಲು ಮೂಸಿತು.

"ಭೂರ್ಯಾ" ಎಂದ ಅವನು, ತೊಟ್ಟಿಲ ಕಡೆಯೇ ನೋಡುತ್ತ, ನಗುದನಿಯಲ್ಲಿ. "ಇನ್ನೇನು ಸ್ವಲ್ಪ ದಿನ ಅಷ್ಟೇ ನಿನ್ನ ನೌಕರಿ. ಕೂಸು ಬಂತಂದ್ರ ನಿನಗ ರಜಾ. ಆಮ್ಯಾಲ ಕೂಸಿನ ಕೈಲೇ ಹೇಳಿ ಕಳಿಸೋದು."

ಕೆಟ್ಟ ಮಾತಲ್ಲ. ಪ್ರೀತಿಯ ಚೇಷ್ಟೆ. ಪಕ್ಕದ ಮನೆಯವರು ಕೇಳಿದ್ದರೆ ನಗುತ್ತಿದ್ದರು. ಪ್ರಮಿಲಾ ಚೀಲವನ್ನು ಭುಜದಿಂದ ಇಳಿಸದೆ ನಿಂತಳು. ತೊಟ್ಟಿಲು ಇನ್ನೂ ತೂಗುತ್ತಿತ್ತು.

ಆಕೆ ನಾಯಿಯನ್ನು ದಾಟಿ ಅವನ ಎದುರಿಗೆ ಬಂದಳು. ಎಲ್ಲಿ ನೋಡಬೇಕೆಂದು ತಿಳಿಯದೆ ಅವನ ಹಣೆಯ ವಿಭೂತಿಯನ್ನು ನೋಡಿದಳು.

"ಸಾನಿಕಾಗ ಇಲ್ಲಿ ಬರೋದು ಬ್ಯಾಡಾಗೇದ್ರಿ" ಎಂದಳು.

ದನಿ ತನ್ನದೆಂದು ಆಕೆಗೇ ಅನ್ನಿಸಲಿಲ್ಲ. ಶಿವರಾಜಪ್ಪನ ಕೈ ಸರಪಳಿಯ ಮೇಲೆ ನಿಂತಿತು. ಅವನು ತಲೆ ಎತ್ತಿದ. ಅವನ ಕಣ್ಣುಗಳು ಆಕೆಯ ಮುಖವನ್ನು ಮುಟ್ಟಿದವು, ಗುರುತಿಲ್ಲದ ಊರಲ್ಲಿ ಇಳಿದವರಂತೆ ಅಲ್ಲಿ ಸ್ವಲ್ಪ ಹೊತ್ತು ತಡವರಿಸಿದವು. ತುಟಿ ಅಲುಗಿತು. ಆಕೆ ಕಾದಳು. ಏನನ್ನಾದರೂ ಹೇಳಲಿ, ಬೈಯಲಿ ಬೇಕಾದರೆ, ನನಗೇ ಹೇಳಲಿ ಎಂದು ಕಾದಳು.

ಅವನು ಆಕೆಯನ್ನು ಬಿಟ್ಟು ಬದಿಗೆ ನೋಡಿದ.

"ಭೂರ್ಯಾ" ಎಂದ. "ಯಾಕಂತ ಕೇಳು."

ಭೂರ್ಯಾ ಆಗಲೇ ತನ್ನ ಜಾಗಕ್ಕೆ ಹೋಗಿ ಮಲಗಿತ್ತು. ಹೆಸರು ಕೇಳಿ ಎದ್ದಿತು. ಅವನನ್ನು ನೋಡಿತು, ಆಕೆಯನ್ನು ನೋಡಿತು. ಮುಂಗಾಲು ನೆಲದಿಂದ ಎದ್ದಿತು.

ಪ್ರಮಿಲಾ ನಾಯಿಯ ಹತ್ತಿರ ಹೋಗಿ ಬಗ್ಗಿ, ಎತ್ತಿದ ಕಾಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ನೆಲಕ್ಕಿಟ್ಟಳು. "ಬಾ" ಎಂದಷ್ಟೇ ಅಂದು ಅಡಿಗೆಮನೆಗೆ ಕರೆದುಕೊಂಡು ಹೋದಳು. ಅದು ಒಲೆಯ ಕಟ್ಟೆಯ ಕೆಳಗೆ ಮುದುಡಿ ಕುಳಿತಿತು.

ಹಿಟ್ಟಿನ ಡಬ್ಬಿ ತೆಗೆದಳು, ನೀರು ಕಾಯಲು ಇಟ್ಟಳು. ಕೈ ತನ್ನ ಕೆಲಸ ಮಾಡುತ್ತಿತ್ತು. ನಾಳೆ ಬೆಳಿಗ್ಗೆ ಮೊದಲು ಮಂಜಿರಿಗೆ ಹೇಳಬೇಕು, ಔರಾದಿಗೆ ನಾನು ಹೋಗುತ್ತೇನೆಂದು. ಆಮೇಲೆ ಸಾನಿಕಾಗೆ. ಭಾಲ್ಕಿಗೆ ಬರುವುದು ಬೇಡ, ನಾನಿರುವಲ್ಲಿಗೆ ಬಾ ಎನ್ನಬೇಕು. ಯಾಕೆಂದು ಅವಳು ಕೇಳುವುದಿಲ್ಲ. ಬೀಗತಿ ಕೇಳುತ್ತಾಳೆ, ಬಾಡಿಗೆ ಖೋಲಿಯಲ್ಲಿ ಎಂಥ ಬಾಣಂತನ, ಮಂದಿ ಏನಂದಾರು ಎಂದು ಎಲ್ಲರೂ ಕೇಳುತ್ತಾರೆ. ಕೇಳಲಿ. ಭೂರ್ಯಾನೂ ಜೊತೆಗೆ ಬರುತ್ತದೆ. ಸಾನಿಕಾಳ ಅಪ್ಪ ಕೂಸನ್ನು ನೋಡಬೇಕೆಂದರೆ ಔರಾದಿಗೆ ಬಸ್ಸಿದೆ. ಬಂದರೆ, ಬಾಗಿಲು ತೆಗೆದವರೊಂದಿಗೇ ಅವನು ಮಾತಾಡಬೇಕಾಗುತ್ತದೆ. ಬರದಿದ್ದರೆ, ಈ ಮನೆಯಲ್ಲಿ ಅವನು ಯಾರನ್ನು ಕರೆದು ಏನು ಹೇಳಿಯಾನು ಎಂದು ನೆನೆಯುತ್ತ ಹಿಟ್ಟಿಗೆ ಬಿಸಿನೀರು ಹಾಕಿ ಕಲಸಿದಳು. ಆ ಸಂಕಟವನ್ನು ಆಕೆ ತಳ್ಳಿಹಾಕಲಿಲ್ಲ. ಅದೂ ಜೊತೆಗೆ ಇರಲಿ ಎಂದುಕೊಂಡಳು.

ಔರಾದಿನ ಖೋಲಿಯ ಹಿಂದಿನ ಅಂಗಳದಲ್ಲಿ ಬಿಸಿಲು ಎಷ್ಟು ಹೊತ್ತಿನವರೆಗೆ ಇರುತ್ತದೋ ನೋಡಿಕೊಂಡಿರಲಿಲ್ಲ. ಬಾಣಂತಿಗೆ ನೀರು ಹಾಕಲು ದೊಡ್ಡ ಹಂಡೆ ಬೇಕು. ಒಳಗಿನ ಖೋಲಿಯ ಕಿಟಕಿಯಿಂದ ಗಾಳಿ ಬರುತ್ತದೆ, ಹಾಸಿಗೆಯನ್ನು ಆ ಕಡೆ ಹಾಕಬಾರದು.

"ಭೂರ್ಯಾ" ಎಂದು ಪಡಸಾಲೆಯಿಂದ ಮತ್ತೊಮ್ಮೆ ಕೇಳಿಸಿತು, ಈ ಸಲ ದನಿ ಸಣ್ಣದಾಗಿತ್ತು. ನಾಯಿ ಏಳಹೋಯಿತು. ಪ್ರಮಿಲಾ ಅದರ ಬೆನ್ನ ಮೇಲೆ ಹಿಟ್ಟಿನ ಕೈ ಇಟ್ಟಳು. ಅದು ಕುಳಿತುಕೊಂಡಿತು.